ಉಸಿರಿಗೆ ಕಾದ ಬೆರಳುಗಳು

"ನಂಗೆ ಸಿಗ್ಲಿಲ್ಲ ಸರ್."

ವಾರ್ಡಿನಲ್ಲಿ ಸಾಲಾಗಿ ನಿಂತಿದ್ದ ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಆ ಹುಡುಗನತ್ತ ನೋಡಿದರು. ಸಾಲಿನಲ್ಲಿ ಅವನಿಗಿಂತ ಮುಂದಿದ್ದ ಹುಡುಗಿಯೂ ಥಟ್ಟನೆ ತಿರುಗಿದಳು. ಯಾರಿವನು? ಇವತ್ತಷ್ಟೇ ಬೇರೆ ಬ್ಯಾಚಿನಿಂದ ಬಂದವನು, ಇಸ್ತ್ರಿ ಕಾಣದ ಬಿಳಿ ಕೋಟಿನವನು... ಎಷ್ಟು ಧೈರ್ಯ!

ಹಾಸಿಗೆಯಲ್ಲಿ ಮಲಗಿದ್ದವಳು ಬಟ್ಟೆ ಹೊಲಿದು ಬದುಕುವ ಹೆಂಗಸು, ವಾರ್ಡಿಗೆಲ್ಲ ಹೊಲಿಗೆಯಮ್ಮ. ಆಕೆಯ ಗುಲ್ಮ, ಅಂದರೆ ಸ್ಪ್ಲೀನ್, ಊದಿಕೊಂಡಿತ್ತು. ಎಡಪಕ್ಕೆಯ ಕೆಳಗೆ ಬೆರಳಿಟ್ಟು ಅದರ ಅಂಚನ್ನು ಗುರುತಿಸುವುದೇ ಅಂದಿನ ಪಾಠ. ಸಾಲಿನಲ್ಲಿದ್ದವರೆಲ್ಲ "ಸಿಕ್ತು ಸರ್" ಅಂದಿದ್ದರು. ಅವಳ ಬೆರಳಿಗೆ ಏನೂ ತಾಗಲಿಲ್ಲ, ಆದರೂ ನಾಲಿಗೆ ಹೊರಳಿತ್ತು... "ಸಿಕ್ತು ಸರ್!" ಮನೆ ತುಂಬಾ ಡಾಕ್ಟರುಗಳಿರುವ ಹುಡುಗಿ ಇಲ್ಲ ಅನ್ನುವುದು ಹೇಗೆ?

ಪ್ರೊಫೆಸರ್ ಅವಳತ್ತ ತಿರುಗಿದರು. "ನಿಂಗೆ ಸಿಕ್ತಲ್ಲ, ಎಲ್ಲಿ ಅಂತ ಇವನಿಗೆ ತೋರ್ಸಮ್ಮ."

ತೋರಿಸಿದಳು.

"ಅದು ಪಕ್ಕೆಲುಬು! ನಾಳೆ ನಿನ್ನ ಮಾತು ನಂಬಿ ಯಾರಾದ್ರೂ ಹೊಟ್ಟೆ ಕೊಯ್ದ್ರೆ?"

ಅವಳಿಗೆ ಅಲ್ಲೇ ಭೂಮಿಗಿಳಿದು ಹೋದಂತಾಯಿತು. ಹೊರಗೆ ಬಂದವಳೇ ಅವನನ್ನು ಅಡ್ಡಗಟ್ಟಿದಳು.

"ದೊಡ್ಡ ಸತ್ಯವಂತ! ನನ್ನ ಮಾನ ಕಳೆದು ನಿಂಗೇನು ಬಂತು?"

ಅವನು ತಬ್ಬಿಬ್ಬಾದ. "ಅಯ್ಯೋ, ನಾನು ಒತ್ತಲೇ ಇಲ್ಲ. ಆ ಅಮ್ಮನ ಮುಖ ನೋಡಿದ್ಯಾ? ಒಬ್ಬೊಬ್ರು ಒತ್ತಿದಾಗ್ಲೂ ಹಲ್ಲು ಕಚ್ಕೊಳ್ತಿದ್ರು. ಸುಮ್ನೆ ಕೈ ಇಟ್ಟು ತೆಗೆದೆ. ಮತ್ತೆ ಸಿಗ್ಲಿಲ್ಲ ಅಂತಾನೇ ತಾನೇ ಹೇಳ್ಬೇಕು?"

ಅವಳ ಕೋಪ ಜರ್ರನೆ ಇಳಿಯಿತು. ಮುಖ...! ಹೊಟ್ಟೆ ನೋಡಿದ್ದಳು, ಪ್ರೊಫೆಸರರನ್ನು ನೋಡಿದ್ದಳು. ಆ ಮುಖದತ್ತ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. 'ಡಾಕ್ಟರ್ ಆಗೋ ಯೋಗ್ಯತೆ ನಂಗಿದ್ಯಾ?' ಎಂಬ ಪ್ರಶ್ನೆ ದಿನವಿಡೀ ಅವಳನ್ನು ಕೊರೆಯಿತು.

ಸಂಜೆ ಅವನನ್ನೂ ಕರೆದುಕೊಂಡು ಹೊಲಿಗೆಯಮ್ಮನ ಬಳಿ ಹೋದಳು.

"ಅಮ್ಮಾ, ಬೆಳಿಗ್ಗೆ ನೋಯಿಸ್ಬಿಟ್ಟೆ. ಸುಳ್ಳೂ ಹೇಳ್ದೆ..." ಅವಳು ಕಣ್ಣೊರೆಸಿಕೊಂಡಳು.

"ಅದಕ್ಯಾಕೆ ಅಳ್ತೀಯ ಮಗಳೇ! ನಾನೂ ಎಷ್ಟು ಜನರ ಬಟ್ಟೆ ಕೆಡಿಸಿ ಕಲಿತೆ ಗೊತ್ತಾ? ಈಗ ಮಾತ್ರೆ ನುಂಗಿದೀನಿ, ನೋವಿಲ್ಲ. ಇನ್ನೊಂದ್ಸಲ ನೋಡು."

ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಬೆರಳಿಟ್ಟಳು. ಈ ಸಲ ಕಣ್ಣು ಆಕೆಯ ಮುಖದ ಮೇಲಿತ್ತು.

"ಒತ್ತಬೇಡ," ಅವನು ಮೆಲ್ಲಗೆ ಹೇಳಿದ. "ಅಮ್ಮ ಉಸಿರು ಎಳ್ಕೊಳ್ಳಲಿ, ಗುಲ್ಮ ತಾನೇ ಬೆರಳಿಗೆ ಬರುತ್ತೆ."

ಹೊಲಿಗೆಯಮ್ಮ ಉಸಿರೆಳೆದಳು. ಒಳಗಿನಿಂದ ಏನೋ ಇಳಿದು ಬಂದು ಬೆರಳ ತುದಿಗೆ ಮೆತ್ತಗೆ ತಾಗಿತು... ಮತ್ತೆ ಸರಿಯಿತು.

ಮೈ ಜುಮ್ಮೆಂದಿತು! ಪುಸ್ತಕದಲ್ಲಿ ಬರೀ ಗೆರೆಯಾಗಿದ್ದದ್ದು ಇಲ್ಲಿ ಜೀವಂತವಾಗಿ ಏರಿಳಿಯುತ್ತಿತ್ತು. ಗುರುತು ಪರಿಚಯವಿಲ್ಲದ ಹುಡುಗಿಯ ಕೈಗೆ ಈ ತಾಯಿ ತನ್ನ ದೇಹವನ್ನೇ ಒಪ್ಪಿಸಿ ಮಲಗಿದ್ದಾಳಲ್ಲ... ಎಂಥ ನಂಬಿಕೆ! ಅವಳ ಕಣ್ಣು ತುಂಬಿ ಬಂತು.

ಅಂದಿನಿಂದ ದಿನಾ ಸಂಜೆ ಇಬ್ಬರೂ ಬಂದು ಹೊಲಿಗೆಯಮ್ಮನನ್ನು ಮಾತಾಡಿಸಿದರು. ಆಕೆ ಗುಣವಾಗಿ ಮನೆಗೆ ಹೊರಟ ದಿನ ಖಾಲಿ ಹಾಸಿಗೆಯ ಪಕ್ಕ ನಿಂತರು.

"ಇನ್ಮೇಲೆ ಸಂಜೆ ಬರೋಕೆ ನೆಪಾನೇ ಇಲ್ಲ," ಅವನೆಂದ.

"ನೆಪ ಯಾಕೆ? ನೀನಂದ್ರೆ ನಂಗಿಷ್ಟ. ಅಷ್ಟು ಸಾಲ್ದಾ?"

ಅವನ ಕಿವಿ ಕೆಂಪಾಯಿತು. ಅವಳ ಕೈ ಹಿಡಿದುಕೊಂಡ.

"ನಾನು ಒಳ್ಳೆ ಡಾಕ್ಟರ್ ಆಗ್ತೀನಾ?" ಅವಳು ಮೆಲ್ಲನೆ ಕೇಳಿದಳು.

"ಗೊತ್ತಿಲ್ಲ... ಆದ್ರೆ ನಂಗೆ ಹುಷಾರಿಲ್ಲ ಅಂದ್ರೆ ನೀನೇ ಬಂದು ನೋಡ್ಬೇಕು. ಬೇರೆ ಯಾರೂ ಬೇಡ."

"ಬರ್ತೀನಿ," ಎಂದಳು.