ಅಂಟಬಾರದ ಉಕ್ಕು

ಅಯಸ್ಕಾಂತ ಉಕ್ಕಿನ ಸರಳಿಗೆ ಟಕ್ಕನೆ ಅಂಟಿಕೊಂಡಿತು.

ಪರೀಕ್ಷಾ ಕೊಠಡಿಯಲ್ಲಿದ್ದವರೆಲ್ಲ ಮುಂದಕ್ಕೆ ಬಾಗಿ ನೋಡಿದರು. ಪರೀಕ್ಷೆ ನಡೆಸುತ್ತಿದ್ದ ಮಿಸುಜು ಕೈ ಬಿಟ್ಟಳು. ಅಯಸ್ಕಾಂತ ಬೀಳಲಿಲ್ಲ.

ಅಂಟಲೇಬಾರದಿತ್ತು. ಹಳಿಯಿಂದ ಮೇಲೆದ್ದು ತೇಲುವ ರೈಲಿನ ಹಾದಿಗೆಂದು ಮಾಡಿದ ಉಕ್ಕು ಅದು. ರೈಲಿನಲ್ಲಿರುವ ಭಾರೀ ಅಯಸ್ಕಾಂತಗಳನ್ನು ಹಾದಿಯ ಕಾಂಕ್ರೀಟಿನೊಳಗಿನ ಸರಳು ಎಳೆಯಬಾರದು. ಹಾಗಂತ ಗಟ್ಟಿತನದಲ್ಲೂ ಕಡಿಮೆಯಾಗಬಾರದು.

"ಇನ್ನೊಂದ್ಸಲ ಇಟ್ಟು ನೋಡಿ, ಕುವಾಹಾರಾ ಸಾನ್," ಅಂದ ಕಿಯೋತಾಕಾ, ಎಂದಿನಂತೆ ಅವಳ ಮನೆತನದ ಹೆಸರಿಗೆ ಗೌರವದ 'ಸಾನ್' ಸೇರಿಸಿ. ಆ ಉಕ್ಕಿನ ಹಿಂದೆ ವರ್ಷಗಟ್ಟಲೆ ಬಿದ್ದಿದ್ದ ಎಂಜಿನಿಯರ್ ಅವನೇ.

ಮತ್ತೆ ಟಕ್...

ರೈಲು ಕಂಪನಿಯಿಂದ ಬಂದಿದ್ದವರು ಮುಖ ಮುಖ ನೋಡಿಕೊಂಡರು. ಕಿಯೋತಾಕಾ ಸೊಂಟ ಬಗ್ಗಿಸಿ ತಲೆ ತಗ್ಗಿಸಿದ. "ನನ್ನ ಮಿಶ್ರಣವೇ ಸರಿಯಿಲ್ಲ. ತಪ್ಪು ನನ್ನದು."

ಕಾರ್ಖಾನೆಯ ಊಟದ ಮನೆಯಲ್ಲಿ ದಿನಾ ಎದುರಿಗೆ ಕೂತು ನಗಿಸುತ್ತಿದ್ದವನು, ಅವತ್ತು ಅವಳತ್ತ ಕಣ್ಣೆತ್ತದೆ ಹೊರಟುಹೋದ. ಆಮೇಲೂ ಎದುರಾದರೆ ದಾರಿ ಬದಲಿಸುತ್ತಿದ್ದ. ಅವನನ್ನು ದಕ್ಷಿಣದ ಯಾವುದೋ ಗೋದಾಮಿಗೆ ಹಾಕಿದ್ದಾರೆಂಬ ಸುದ್ದಿ ಬಂತು.

'ಎಲ್ಲರೆದುರು ಅವನ ಮಾನ ಕಳೆದವಳು ನಾನೇ... ಹೇಗೆ ನೋಡಿಯಾನು ನನ್ನ ಮುಖ?'

ಆದರೂ ಮನಸ್ಸು ಒಪ್ಪಲಿಲ್ಲ. ಅದೇ ಸರಳಿನ ತುಂಡೊಂದನ್ನು ತಂದು ಮೇಲ್ಮೈಯನ್ನು ಉಜ್ಜಿ ತೆಗೆದಳು. ಅಯಸ್ಕಾಂತ ಇಟ್ಟಳು. ಜಾರಿ ಬಿತ್ತು. ಇನ್ನೊಂದು ಕಡೆ ಇಟ್ಟಳು. ಅಲ್ಲೂ ಜಾರಿತು.

ಮಿಶ್ರಣ ಸರಿಯಾಗೇ ಇತ್ತು! ಕುಲುಮೆಯಲ್ಲಿ ವಿಪರೀತ ಕಾದು, ಉಕ್ಕು ಅಯಸ್ಕಾಂತಕ್ಕೆ ಅಂಟದಂತೆ ಕಾಯುವ ಇಂಗಾಲವೂ ಮ್ಯಾಂಗನೀಸೂ ಮೇಲ್ಮೈಯಲ್ಲಿ ಸುಟ್ಟುಹೋಗಿದ್ದವು. ಅಂಟಿದ್ದು ಆ ಸುಟ್ಟ ಪದರ ಮಾತ್ರ.

ಆ ಕುಲುಮೆಯ ಮೇಸ್ತ್ರಿ... ಅವಳ ಅಪ್ಪ ಗೆಂಜೊ.

ಸಂಜೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. ಅಪ್ಪ ಸೂಪಿನ ಬಟ್ಟಲು ಕೆಳಗಿಟ್ಟರು.

"ಕಣ್ಣು ಮಂಜಾಗಿದೆ ಮಗಳೇ. ಮೀಟರಿನ ಮುಳ್ಳು ಸರಿಯಾಗಿ ಕಾಣಲ್ಲ. ನಿವೃತ್ತಿವರೆಗೆ ಹೇಗೋ ತಳ್ಳೋಣ ಅಂದ್ಕೊಂಡೆ."

"ಕಿಯೋತಾಕಾ ಸಾನ್‌ಗೆ ಗೊತ್ತಾ?"

"ಅವನಿಗೆ ಅನುಮಾನ ಬಂದು, ಪರೀಕ್ಷೆಗೆ ಮುಂಚೆಯೇ ಕೇಳಿದ್ದ. ಒಪ್ಪಿಕೊಂಡೆ. ಸುಮ್ಮನಿರಿ, ನಾನು ನೋಡ್ಕೋತೀನಿ ಅಂದ... ನಾನೂ ಸುಮ್ಮನಿದ್ದುಬಿಟ್ಟೆ."

ಮಿಸುಜುಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು, ಅಳು ಬಂತು.

"ನಾಳೆ ನಾನೇ ಹೋಗಿ ಹೇಳ್ತೀನಿ," ಅಂದರು ಅಪ್ಪ. "ನಿನ್ನ ಬಾಯಲ್ಲಿ ಹೇಳಿಸಲ್ಲ."

ಬೆಳಿಗ್ಗೆ ಅಪ್ಪ ಮುಖ್ಯಸ್ಥರ ಕೋಣೆಯತ್ತ ನಡೆದರು. ಮಿಸುಜು ಹಿಮ ತುಳಿಯುತ್ತಾ ಕಾರ್ಖಾನೆಯ ವಸತಿಗೃಹಕ್ಕೆ ಹೋದಳು. ಕಿಯೋತಾಕಾ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ.

"ಯಾಕೆ ಸುಳ್ಳು ಹೇಳಿದ್ರಿ?"

ಹಗ್ಗ ಕೈಜಾರಿತು. "ನಿಮಗೆ... ಗೊತ್ತಾಯ್ತಾ?"

"ಒಳ್ಳೇ ಉಕ್ಕನ್ನ ಕೆಟ್ಟದ್ದು ಅಂದ್ರಿ. ಅಪ್ಪನ ಮರ್ಯಾದೆಗೋಸ್ಕರ ಇಷ್ಟು ವರ್ಷದ ಕೆಲಸ ಮಣ್ಣುಪಾಲು ಮಾಡೋಕೆ ನಿಮಗೆ ಯಾರು ಹೇಳಿದ್ದು?"

"ನಿಮ್ಮಪ್ಪನಿಗೋಸ್ಕರ ಅಲ್ಲ."

"ಮತ್ತೆ?"

"ನಿಜ ಹೊರಗೆ ಬಂದ್ರೆ ವರದಿ ಬರೆಯೋದು ನೀವು. ಅಪ್ಪನ ತಪ್ಪನ್ನ ಮಗಳೇ ಬರೀಬೇಕಾಗುತ್ತೆ. ನೀವು ಬರೀತೀರ, ನನಗೆ ಗೊತ್ತು. ಆದ್ರೆ ಆಗ ನಿಮ್ಮ ಮುಖ ನೋಡೋ ಶಕ್ತಿ ನನಗಿರಲಿಲ್ಲ."

ಅವಳು ಇಷ್ಟು ದಿನ ದ್ವೇಷ ಅಂದುಕೊಂಡಿದ್ದು...

"ಮತ್ಯಾಕೆ ನನ್ನ ಕಡೆ ನೋಡೋದನ್ನೇ ಬಿಟ್ರಿ?"

"ನೋಡಿದ್ದಿದ್ರೆ ಎಲ್ಲಾ ಬಾಯಿಬಿಡ್ತಿದ್ದೆ."

ಹೊರಗೆ ಅಪ್ಪನ ಕೆಮ್ಮು ಕೇಳಿಸಿತು. ಬಾಗಿಲಲ್ಲಿ ಟೋಪಿ ತೆಗೆದು ನಿಂತಿದ್ದರು. "ಹೇಳಿ ಬಂದೆ. ಬೈಗುಳಕ್ಕೆ ರೆಡಿಯಾಗಿ ಹೋಗಿದ್ದೆ, ಮೊದಲು ಕಣ್ಣಿನ ಆಸ್ಪತ್ರೆಗೆ ನಡೀರಿ ಅಂದ್ರು. ಕುಲುಮೆಗೆ ಬೇರೆಯವರು ಬರ್ತಾರೆ. ಸರಳನ್ನ ಮತ್ತೆ ಮಾಡಿ ತೋರಿಸ್ಬೇಕಂತೆ. ನೀನು ಎಲ್ಲಿಗೂ ಹೋಗೋ ಹಾಗಿಲ್ಲಪ್ಪ." ಕಿಯೋತಾಕಾನಿಗೆ ಆಳವಾಗಿ ತಲೆಬಾಗಿ, ಇಬ್ಬರನ್ನೂ ಬಿಟ್ಟು ಹೊರಟರು.

ಕಿಯೋತಾಕಾ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದ.

"ಇನ್ಮೇಲೆ ನನ್ನ ವಿಷಯ ನೀವೊಬ್ರೇ ತೀರ್ಮಾನ ಮಾಡಬಾರದು," ಅಂದಳು ಕಣ್ಣೊರೆಸಿಕೊಳ್ಳುತ್ತಾ.

"ಮದುವೆ ವಿಷಯ?"

"ಅದನ್ನೂ... ಕೇಳಿಯೇ ಮಾಡಬೇಕು."

"ಕೇಳ್ತಾ ಇದ್ದೀನಲ್ಲ, ಮಿಸುಜು."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಹೂಂ," ಅಂದಳು.