ಬೋರ್ಡಿಗೇರಿದ ಮಾತು

"ಆ ವಾಕ್ಯ ಅಳಿಸಿ, ಮೇಷ್ಟ್ರೇ."

ಬಾಗಿಲಲ್ಲಿ ನಿಂತ ನರ್ಸಿನ ದನಿಗೆ ಇಡೀ ಸಂಜೆ ತರಗತಿ ತಿರುಗಿ ನೋಡಿತು. ಅವಳೂ ಅಲ್ಲಿಯ ವಿದ್ಯಾರ್ಥಿನಿಯೇ; ಡ್ಯೂಟಿ ಮುಗಿಸಿ ಓಡೋಡಿ ಬಂದಿದ್ದಳು.

ಇಂಗ್ಲಿಷ್ ಮೇಷ್ಟ್ರು ಅಂದು ಹಿಡಿದಿದ್ದು ಅಲೋನ್, ಲೋನ್ಲಿ ಎಂಬ ಎರಡು ಪದಗಳನ್ನು. ಜೊತೆಗೆ ಯಾರೂ ಇಲ್ಲದಿದ್ದರೆ ಅಲೋನ್. ಯಾರೂ ಇಲ್ಲವಲ್ಲ ಎಂದು ಮನಸ್ಸು ನೊಂದರೆ ಲೋನ್ಲಿ. 'ಲೋನ್ಲಿ ವುಮನ್' ಎನ್ನಬಹುದು, 'ಅಲೋನ್ ವುಮನ್' ಎನ್ನುವಂತಿಲ್ಲ.

ಪುಸ್ತಕದ ಉದಾಹರಣೆ ಅವನಿಗೆ ರುಚಿಸದು. ಕಂಡದ್ದು ಕೇಳಿದ್ದನ್ನೆಲ್ಲ ಬೋರ್ಡಿಗೇರಿಸುವುದೇ ಅವನ ಪದ್ಧತಿ. ಅದಕ್ಕೇ ಅವನ ಪಾಠ ಎಲ್ಲರಿಗೂ ಇಷ್ಟ. ಅವಳಿಗಂತೂ ಮೇಷ್ಟ್ರೇ ಇಷ್ಟವಾಗಿಬಿಟ್ಟಿದ್ದ...

ಇಂದು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಹೀಗಿತ್ತು: ಗಂಡ ಬಿಟ್ಟುಹೋದ ಮೇಲೆ, ಬಂದಾಗ ಮನೆಯಲ್ಲಿ ಯಾರದಾದರೂ ದನಿ ಇರಲೆಂದು ಅವಳು ರೇಡಿಯೋ ಹಾಕಿಟ್ಟೇ ಕೆಲಸಕ್ಕೆ ಹೋಗುತ್ತಾಳೆ.

ನಿನ್ನೆ ಬಸ್ ನಿಲ್ದಾಣದಲ್ಲಿ ಮೇಷ್ಟ್ರಿಗೆ ಮಾತ್ರ ಅವಳು ಹೇಳಿದ್ದ ಮಾತು ಅದು!

"ಪಾಪ, ತಲೆ ಕೆಟ್ಟಿರ್ಬೇಕು," ಎಂದು ಹಿಂದಿನ ಬೆಂಚಿನವರು ನಕ್ಕದ್ದೂ ಅವಳ ಕಿವಿಗೆ ಬಿದ್ದಿತ್ತು.

"ಹೆಸರು ಹಾಕಿಲ್ವಲ್ಲ..." ಅವನು ತಡವರಿಸಿದ.

"ಈಗ ಎಲ್ರಿಗೂ ಗೊತ್ತಾಯ್ತು ಬಿಡಿ."

ಅಂದಿನಿಂದ ಅವಳು ತರಗತಿಯ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಮೇಷ್ಟ್ರೇ ಆಸ್ಪತ್ರೆಗೆ ಬಂದ. ಡ್ಯೂಟಿ ಮುಗಿಸಿ ಹೊರಗಿನ ಬೆಂಚಿನ ಮೇಲೆ ಕೂತಿದ್ದವಳ ಎದುರು ತಪ್ಪಿತಸ್ಥನಂತೆ ನಿಂತ.

"ಆ ಮಾತು ನಿಮಗ್ಯಾಕೆ ಹೇಳ್ದೆ ಗೊತ್ತಾ?" ಅವಳೇ ಕೇಳಿದಳು.

"ನಂಬಿದ್ರಿ."

"ಇಷ್ಟಪಟ್ಟಿದ್ದೆ ಮೇಷ್ಟ್ರೇ. ನಿಮಗದು ಪಾಠ ಆಯ್ತು."

ಅವನ ತಲೆ ತಗ್ಗಿತು. "ಅವತ್ತು ಮನೆಗೆ ಹೋದ್ರೂ ನಿಮ್ಮ ಮಾತೇ ತಲೇಲಿತ್ತು. ನನ್ನ ಮನೇಲೂ ಮಾತಾಡೋರು ಯಾರೂ ಇಲ್ಲ. ಅದನ್ನ ನಿಮ್ಮೆದುರು ಹೇಳೋ ಧೈರ್ಯ ಸಾಲ್ಲಿಲ್ಲ. ಬೋರ್ಡ್ ಮುಂದೆ ನಿಂತ್ರೆ ಮಾತ್ರ ನನಗೆ ಮಾತು ಬರೋದು... ನಿಮ್ಮನ್ನ ಪ್ರೀತಿಸ್ತೀನಿ."

ಈ ಒಂದು ಮಾತಿಗಾಗಿ ಎಷ್ಟು ಕಾದಿದ್ದಳು! ಈಗ ಕೇಳಿದರೆ ಬರೀ ಕಹಿ. ಬೋರ್ಡಿನ ಆ ವಾಕ್ಯ ಕಂಡಾಗ ಆದಷ್ಟು ನಾಚಿಕೆ ಗಂಡ ಬಿಟ್ಟುಹೋದಾಗಲೂ ಆಗಿರಲಿಲ್ಲ ಎನ್ನಿಸಿತು ಅವಳಿಗೆ.

"ಇನ್ಮೇಲೆ ನಿಮಗೆ ಏನು ಹೇಳೋಕೂ ಹೆದರಿಕೆ ಆಗುತ್ತೆ."

"ಹೇಳ್ಬೇಡಿ. ನಾನು ಹೇಳ್ತೀನಿ, ನೀವು ಕೇಳಿ. ನಂಬಿಕೆ ಬಂದಾಗ ಮಾತಾಡಿ."

"ಬರದೇ ಇದ್ರೆ?"

"ಬರದೇ ಇರಬಹುದು. ಆಗ್ಲೂ ಹೇಳ್ತಾ ಇರ್ತೀನಿ."

ಅವಳು ನಗಲಿಲ್ಲ. ಪಕ್ಕದಲ್ಲಿದ್ದ ಬ್ಯಾಗನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಕೂತ್ಕೊಳ್ಳಿ," ಎಂದಳು, ಅವನ ಮುಖ ನೋಡದೆಯೇ. "ಹೇಳಿ... ನಿಮಗೆ ಯಾವಾಗಿಂದ ಯಾರೂ ಇಲ್ಲ?"