ಜಿನ್ ಇಲ್ಲದ ಬ್ರ್ಯಾಂಬಲ್

"ಕೊನೇ ಸಲ, ನಿನ್ನ ಕೈಯಿಂದ ಒಂದು ಬ್ರ್ಯಾಂಬಲ್," ಎಂದು ಮೇಷ್ಟ್ರು ಸ್ಟೂಲ್ ಎಳೆದುಕೊಂಡರು.

ಬಾರ್ ತೆರೆಯಲು ಇನ್ನೂ ಹೊತ್ತಿತ್ತು. ಇಲ್ಲಿ ಕಾಕ್‌ಟೇಲ್ ಮಾಡುವವಳು ನಾನು, ಮೂಲೆಯ ಪಿಯಾನೊ ನುಡಿಸುವವರು ಅವರು. ನನ್ನ ಮಾತು ಹುಳಿ ಎಂದು ‘ನಿಂಬೆ’ ಅಂತ ಹೆಸರಿಟ್ಟವರೂ ಅವರೇ. ಇನ್ನು ಸ್ವಲ್ಪ ಹೊತ್ತಿಗೆ ಅವರ ಅಕ್ಕ ಬಂದು ಅವರನ್ನು ತಮ್ಮೂರಿಗೆ ಕರೆದೊಯ್ಯುತ್ತಾರೆ. ಮೇಷ್ಟ್ರ ಹೃದಯ ಸೋತಿದೆ, ಮೂರನೇ ಮಹಡಿಯ ರೂಮಿನ ಮೆಟ್ಟಿಲು ಇನ್ನು ಅವರಿಂದಾಗದು. ಹೋಗಬೇಡಿ, ನನ್ನ ಜೊತೆ ಇರಿ ಎಂದು ಅಷ್ಟರೊಳಗೆ ಹೇಳಲೇಬೇಕಿತ್ತು. ಬೈಯುವಾಗ ಮೊಳದುದ್ದ ಬರುವ ನಾಲಿಗೆ ಇದಕ್ಕೆ ಮಾತ್ರ ಏಳುತ್ತಿರಲಿಲ್ಲ.

ಜಿನ್ ಬಿಟ್ಟುಬಿಡಿ, ಹಗುರವಾದದ್ದು ಒಂಚೂರು ಸಾಕು ಎಂದು ಡಾಕ್ಟರು ಹೇಳಿದಂದಿನಿಂದ ನಾನು ಗುಟ್ಟಾಗಿ ಅವರ ಬ್ರ್ಯಾಂಬಲ್ ಕಾಕ್‌ಟೇಲಿನಿಂದ ಜಿನ್ನನ್ನೇ ತೆಗೆದಿದ್ದೆ. ಬ್ಲ್ಯಾಕ್‌ಬೆರಿ ಲಿಕರ್ ಸ್ವಲ್ಪ, ನಿಂಬೆರಸ, ಪುಡಿ ಐಸ್, ಮೇಲೆ ಸೋಡಾ. ಕೊನೆಗೆ ಜಿನ್ನಿನಲ್ಲಿ ಬೆರಳದ್ದಿ ಗ್ಲಾಸಿನ ಅಂಚಿಗೆ ಸವರುವುದು. ಮೂಗು ನಂಬಿದರೆ ನಾಲಿಗೆಯೂ ನಂಬುತ್ತದೆ. ನಮ್ಮ ಕಸುಬಿನ ಕಳ್ಳಾಟ ಇದು.

ಇವತ್ತೂ ಹಾಗೇ ಸವರಿ ಕೊಟ್ಟೆ. ಅವರು ಒಂದು ಗುಟುಕು ಕುಡಿದರು.

"ಹೇಗಿದೆ ಮೇಷ್ಟ್ರೇ?"

"ಜಿನ್ ಖಡಕ್ಕಾಗಿದೆ."

"ನನ್ನ ಕೈಗುಣ ಅದು."

ಅವರು ನಕ್ಕರು. "ನಿಂಬೆ, ಒಂದು ಹೇಳ್ಲಾ? ಹಿಂದೆ ಜ್ವರ ಬಂತಲ್ಲ, ಆವಾಗಿಂದ ನಂಗೆ ಯಾವ ವಾಸನೇನೂ ಬರಲ್ಲ. ಸೋಪೂ ಒಂದೇ, ಜಿನ್ನೂ ಒಂದೇ."

ನನ್ನ ಮುಖ ಬಿಸಿಯಾಯಿತು. "ಹಾಗಾದ್ರೆ ಇದ್ರಲ್ಲಿ ಜಿನ್ ಇಲ್ಲ ಅಂತ..."

"ಮೊದಲನೇ ದಿನಾನೇ ಗೊತ್ತಾಯ್ತು. ಗಂಟಲು ಸುಡಲೇ ಇಲ್ಲ."

"ಮತ್ತೆ ದಿನಾ ಯಾಕೆ ಹೊಗಳ್ತಿದ್ರಿ? ನನ್ನ ಮಂಗ ಮಾಡೋಕಾ?"

"ತುಟಿ ಕಚ್ಚಿಕೊಂಡು, ಕಳ್ಳಬೆಕ್ಕಿನ ಥರ ನನ್ನ ಕಡೆ ನೋಡ್ತಾ ಬೆರಳು ಸವರ್ತೀಯಲ್ಲ, ಅದನ್ನ ನೋಡೋಕೆ. ನಿಜ ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ."

ಇಷ್ಟು ದಿನ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡೇ ಪ್ರೀತಿಸಿದ್ದೆವು. ಹೊರಗೆ ಕಾರಿನ ಹಾರ್ನ್ ಕೇಳಿಸಿತು.

"ನನ್ನ ಮನೆ ನೆಲಮಹಡೀಲೇ ಇದೆ. ಮೆಟ್ಟಿಲಿಲ್ಲ," ಎಂದೆ. ಕಡೆಗೂ ಬಾಯಿಗೆ ಬಂದದ್ದು ಇಷ್ಟೇ.

ಅವರು ನನ್ನ ಒದ್ದೆ ಬೆರಳುಗಳನ್ನು ಹಿಡಿದುಕೊಂಡರು. "ಹೋದ ವರ್ಷ ಹೇಳಿದ್ರೆ ಪಿಯಾನೊ ಸಮೇತ ಬಂದುಬಿಡ್ತಿದ್ದೆ. ಈಗ ಬರೀ ಸಾಯೋಕೆ ಅಂತ ನಿನ್ನ ಮನೆಗೆ ಬರೋಕೆ ಮನಸ್ಸು ಒಪ್ಪಲ್ಲ ಕಣೇ."

"ಬಿಡ್ತು ಅನ್ನಿ."

"ಇಷ್ಟೇನಾ? ಇನ್ನೊಂದು ಸ್ವಲ್ಪ ಬೈಯಿ. ಕೇಳಿಸಿಕೊಂಡು ಹೋಗ್ತೀನಿ."

ಬೈಯಲಾಗಲಿಲ್ಲ, ಅಳು ಬಂದುಬಿಟ್ಟಿತು. ಅವರು ನನ್ನ ಬೆರಳಿಗೆ ತುಟಿಯೊತ್ತಿ, ಪಿಯಾನೊದ ಮುಚ್ಚಳ ಮುಚ್ಚಿ, ಗೋಡೆ ಹಿಡಿದುಕೊಂಡು ಬಾಗಿಲು ದಾಟಿದರು.

ತೊಳೆಯೋಣವೆಂದು ಅವರ ಗ್ಲಾಸ್ ಎತ್ತಿಕೊಂಡೆ. ಅರ್ಧ ಹಾಗೇ ಉಳಿದಿತ್ತು. ಅಂಚಿನಲ್ಲಿ ಜಿನ್ನಿನ ಘಮ ಇನ್ನೂ ಇತ್ತು. ಅದು ಒಂದು ದಿನವೂ ಅವರನ್ನು ಮುಟ್ಟಿರಲಿಲ್ಲ. ನಿಂತಲ್ಲೇ ಕುಡಿದುಬಿಟ್ಟೆ.

ಅವರು ಹೇಳಿದ್ದು ನಿಜ. ಗಂಟಲು ಸುಡಲೇ ಇಲ್ಲ.